ಸೆರಗಿನ ಮೇಲೆ ನೀರಿನ ಮಟ್ಟ: ಆಲ್ಬಮ್ ಕವರ್ ಒಂದರ ಕೆಲಸದ ಲೆಕ್ಕ

ಶುರುವಾದದ್ದು 270 ತುಂಡು ಕಾರ್ಡಿನಿಂದ. ಕೊನೆಗೆ ಕೈಗೆ ಬಂದದ್ದು 187 ಕವರ್. ನಡುವಿನ 83 ಎಲ್ಲಿ, ಯಾಕೆ ಹಾಳಾದವು ಅನ್ನುವುದನ್ನೇ ಇಲ್ಲಿ ಹೆಚ್ಚು ಬರೆದಿದೆ. ಚೆನ್ನಾಗಿ ಬಂದ ಭಾಗಕ್ಕೆ ಎರಡು ಸಾಲು ಸಾಕು.

ಹಾಡು ಆರು, ಪಾಪ್, ಒಟ್ಟು 23 ನಿಮಿಷ. ವಸ್ತು ಹಳೆ ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟ ಓಣಿಗಳು, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೊತ್ತು ತಂದ ಸಾಮಾನು, ಅಲ್ಲೇ ಉಳಿದ ಬಾಗಿಲು. ವಿಚಿತ್ರವೆಂದರೆ ಆರು ಹಾಡುಗಳಲ್ಲಿ ಒಂದರಲ್ಲೂ 'ನೀರು' ಅನ್ನುವ ಶಬ್ದವಿಲ್ಲ. ಆ ಕೆಲಸ ಕವರ್ ಮಾಡಬೇಕಿತ್ತು.

ಬೇಕಾದದ್ದು ಎರಡು. ಸ್ಟ್ರೀಮಿಂಗಿಗೆ 3000 × 3000 ಪಿಕ್ಸೆಲ್ ಚಿತ್ರ, ಕೈಯಲ್ಲಿ ಹಿಡಿಯಲು 200 ಮಡಿಕೆ ಕವರ್. ಸಿ.ಡಿ. ಹಾಕುವ ಯಂತ್ರ ಈಗ ಯಾರ ಮನೆಯಲ್ಲೂ ಇಲ್ಲ. ಕಬ್ಬಿನ ಟ್ರ್ಯಾಕ್ಟರಿನಲ್ಲಿ, ಕಾರಿನಲ್ಲಿ, ಚಹಾದಂಗಡಿಯ ಡಬ್ಬಿಯಲ್ಲಿ ಓಡುವುದು ಪೆನ್‌ಡ್ರೈವ್. ಹಾಗಾಗಿ ಎ.ಟಿ.ಎಂ. ಕಾರ್ಡಿನ ಆಕಾರದ, 86 × 54 ಮಿ.ಮೀ. ಪೆನ್‌ಡ್ರೈವ್ ಇಡುವ ಕವರ್ ಎಂದು ಗೊತ್ತುಮಾಡಿದ್ದು.

ಹಂತ 1: ಕೈಬಿಟ್ಟ ಮೊದಲ ಚಿತ್ರ

ಮೊದಲ ಕರಡಿನಲ್ಲಿ ಎಲ್ಲವೂ ಇದ್ದವು: ಅಣೆಕಟ್ಟಿನ ಗೇಟು, ಕೆತ್ತನೆಯ ಬಾಗಿಲು, ಅರ್ಧ ಮುಳುಗಿದ ಗುಡಿ, ದೋಣಿ, ಇಳಕಲ್ ಸೀರೆ ಉಟ್ಟ ಅಜ್ಜಿ. ಫೋನಿನಲ್ಲಿ 64 ಪಿಕ್ಸೆಲ್ಲಿಗೆ ಇಳಿಸಿ ನೋಡಿದಾಗ ಅಂಬಲಿಯಾಗಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಹಾಡಿನಲ್ಲಿ ಇದ್ದದ್ದನ್ನೇ ಚಿತ್ರ ಇನ್ನೊಮ್ಮೆ ಒದರುತ್ತಿತ್ತು. ಬಾಗಿಲು ಎರಡನೇ ಹಾಡಿನಲ್ಲಿ ಇದೆ, ಅಜ್ಜಿ ನಾಲ್ಕನೆಯದರಲ್ಲಿ. ಕೇಳುವವರಿಗೆ ಕವರ್ ಹೊಸದೇನನ್ನೂ ಕೊಡುತ್ತಿರಲಿಲ್ಲ.

ಎರಡು ವಸ್ತು ಒಂದರಂತೆ ಒಂದು ಕಾಣುತ್ತವೆ ಅನ್ನುವುದು ಹೊಳೆದ ಮೇಲೆ ಕೆಲಸ ಹಾದಿಗೆ ಬಿತ್ತು. ಇಳಕಲ್ ಸೀರೆಯ ಸೆರಗು ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ಹೊಳೆಯ ದಂಡೆಯಲ್ಲಿ ನೀರಿನ ಮಟ್ಟ ಅಳೆಯಲು ನಿಲ್ಲಿಸುವ ಗೇಜ್ ಪಟ್ಟಿಯೂ ಹಾಗೆಯೇ ಪಟ್ಟೆಪಟ್ಟೆ. ಸೆರಗನ್ನು ಇಳಿಬಿಟ್ಟರೆ ಪಟ್ಟಿಗಳು ಅಡ್ಡಕ್ಕೆ ನಿಲ್ಲುತ್ತವೆ. ನೀರಿನ ಗೆರೆಯೂ ಅಡ್ಡವೇ. ಸೀರೆ ಎಂದು ನೋಡಿದರೆ ಸೀರೆ, ಅಳತೆಗೋಲು ಎಂದು ನೋಡಿದರೆ ಅಳತೆಗೋಲು. ಉಳಿದದ್ದೆಲ್ಲ ಅಳಿಸಿದ್ದು.

ಇಲ್ಲಿಯೂ ಒಂದು ತಪ್ಪು: ಅಂದ ಬರಲೆಂದು ನಾಲ್ಕು ಕೆಂಪು ಪಟ್ಟಿ ಎಳೆದದ್ದು. ಇಳಕಲ್ ಕಡೆಯವರು ಮೊದಲು ಎಣಿಸುವುದೇ ಅದನ್ನು. ಮೂರು ಕೆಂಪು, ಎರಡು ಬಿಳಿ, ಅಷ್ಟೇ.

ಹಂತ 2: ಅಳತೆ

ಸದ್ಯ ಆಲಮಟ್ಟಿಯಲ್ಲಿ ನೀರು ನಿಲ್ಲುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಬಾಗಲಕೋಟೆಯಲ್ಲಿ ಈ ಎರಡು ಸಂಖ್ಯೆ ಸಣ್ಣ ಹುಡುಗರಿಗೂ ಗೊತ್ತು. ಒಂದು ಬಂದು ನಿಂತ ನೀರು, ಇನ್ನೊಂದು ಇನ್ನೂ ಬಾರದ ನೀರು.

ಕವರಿನ ಎತ್ತರ 180 ಮಿ.ಮೀ. ಒಂದು ಮೀಟರಿಗೆ 10 ಮಿ.ಮೀ. ಲೆಕ್ಕ. ಕವರಿನ ತಳದ ಅಂಚು 509.6 ಎಂದು ಇಟ್ಟರೆ 519.6ರ ಗೆರೆ ತಳದಿಂದ ಸರಿಯಾಗಿ 100 ಮಿ.ಮೀ.ಗೆ ಬೀಳುತ್ತದೆ, 524.256ರ ಗೆರೆ 146.56ಕ್ಕೆ. ದಡಿಯಲ್ಲಿ 10 ಮಿ.ಮೀ.ಗೆ ಒಂದರಂತೆ ಹಲ್ಲು, ಐದು ಹಲ್ಲಿಗೊಂದು ಅಂಕಿ.

ಮೊದಲು ಪಟ್ಟಿಗಳನ್ನು ಮೇಲಿನಿಂದ 40, 25, 50, 25, 40 ಎಂದು ಹಂಚಿದ್ದು ಕೆಲಸ ಕೊಡಲಿಲ್ಲ. ಮೇಲಿನ ಗೆರೆ ಕೆಂಪು-ಬಿಳಿ ಅಂಚಿನಿಂದ ಆರೂವರೆ ಮಿ.ಮೀ. ದೂರದಲ್ಲಿ ಬಂದು, ಬಣ್ಣದ ಅಂಚು ಅದನ್ನು ನುಂಗಿಹಾಕುತ್ತಿತ್ತು. ತಿದ್ದಿದ ಹಂಚಿಕೆ 20, 30, 60, 30, 40. ಈಗ 519.6 ನಡುವಿನ ಕೆಂಪಿನ ನಟ್ಟನಡುವೆ, 524 ಮೇಲಿನ ಬಿಳಿಯ ನಡುವಿಗೆ.

ಮೇಲಿನ ಗೆರೆಗೆ ಬಣ್ಣ ಹಾಕಬಾರದು, ಬರಿ ಒತ್ತಿ ಕೂರಿಸಬೇಕು ಅನ್ನುವುದು ಇಲ್ಲಿಯೇ ತೀರ್ಮಾನವಾಯಿತು. ನೆಟ್ಟಗೆ ಹಿಡಿದರೆ ಕಾಣಬಾರದು, ಬೆಳಕಿಗೆ ಓರೆ ಹಿಡಿದರೆ ಅಥವಾ ಬೆರಳಾಡಿಸಿದರೆ ಮಾತ್ರ ಸಿಗಬೇಕು. ಆರನೇ ಹಾಡು ಇರುವುದೇ ಆ ಗೆರೆಯ ಬಗ್ಗೆ.

ಹಂತ 3: ಕಾರ್ಡು

300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕದ, ಲೇಪನವಿಲ್ಲದ, ಸ್ವಲ್ಪ ಹಳದಿ ಛಾಯೆಯ ಕಾರ್ಡು. 22 × 28 ಇಂಚು ಹಾಳೆ, ಅಂದರೆ 559 × 711 ಮಿ.ಮೀ. ಬಿಚ್ಚಿದ ಕವರಿನ ಅಗಲ 364 (180 + 4 ಬೆನ್ನು + 180). ಮುಂಭಾಗದ ತಳದಲ್ಲಿ ಒಳಕ್ಕೆ ಮಡಚುವ ಜೇಬು, ಅದರ ಎರಡೂ ಬದಿ ಅಂಟಿಗೆ 12 ಮಿ.ಮೀ. ಕಿವಿ.

ಜೇಬಿಗೆ 65 ಮಿ.ಮೀ. ಎಂದುಕೊಂಡಾಗ ಎತ್ತರ 245 ಆಗಿ ಹಾಳೆಗೆ ಎರಡೇ ಕವರ್ ಬರುತ್ತಿದ್ದವು. 50ಕ್ಕೆ ಇಳಿಸಿದರೆ 230, ಹಾಳೆಗೆ ಮೂರು. 86 ಮಿ.ಮೀ. ಎತ್ತರದ ಪೆನ್‌ಡ್ರೈವ್ ಕಾರ್ಡು 36 ಮಿ.ಮೀ. ಹೊರಗೆ ಇಣುಕುತ್ತದೆ, ಚಿವುಟಿ ಎಳೆಯಲು ಅನುಕೂಲವೇ. 90 ಹಾಳೆಯನ್ನು 400 × 237ರ ತುಂಡಾಗಿ ಕತ್ತರಿಸಿ 270 ಮಾಡಿದ್ದು. ಉಳಿದ 159 ಮಿ.ಮೀ. ಅಗಲದ ಪಟ್ಟಿಗಳನ್ನು ಎಸೆಯಬೇಡಿ. ಬಣ್ಣದ ಪರೀಕ್ಷೆಗೆ ಅವೇ ಆಗಿಬಂದದ್ದು.

ನಾರಿನ ದಿಕ್ಕು ನೋಡಿ. ಇಲ್ಲಿ ನಾರು 711ರ ಕಡೆ ಓಡುತ್ತಿತ್ತು. ಬೆನ್ನಿನ ಮಡಿಕೆ ಅದಕ್ಕೆ ಸಮಾನಾಂತರ, ತಕರಾರಿಲ್ಲ. ಜೇಬಿನ ಮಡಿಕೆ ಅಡ್ಡ, ಅಲ್ಲಿ ಬಿರುಕು ಗ್ಯಾರಂಟಿ. ಅದರ ಕತೆ ಹಂತ 8ರಲ್ಲಿ.

ಹಂತ 4: ಅಕ್ಷರ

ಹಾಡಿನ ಸಾಹಿತ್ಯ ಬಂದದ್ದು 'ನುಡಿ' ತಂತ್ರಾಂಶದ ಹಳೆ ಫಾಂಟಿನಲ್ಲಿ. ಬೇರೆ ಯಂತ್ರದಲ್ಲಿ ತೆರೆದರೆ ಬರಿ ಚಿಹ್ನೆಗಳು. ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಶಬ್ದಗಳನ್ನು ಒಂದೊಂದಾಗಿ ಕಣ್ಣಿಂದಲೇ ನೋಡಿ. ಬದಲಾವಣೆಯಲ್ಲಿ ಹೆಚ್ಚು ಕೆಡುವುದು ಅವೇ. ವಿನ್ಯಾಸ ಇಂಕ್‌ಸ್ಕೇಪಿನಲ್ಲಿ ಮಾಡಿದ್ದರಿಂದ ಒತ್ತಕ್ಷರ ಒಡೆಯಲಿಲ್ಲ. ಫಿಲ್ಮಿಗೆ (ಅಚ್ಚಿಗೆ ಬೇಕಾದ ಪಾರದರ್ಶಕ ಹಾಳೆಗೆ) ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಗೆರೆಯಾಗಿ ಬದಲಿಸಿಯೇ ಕಳಿಸಬೇಕು, ಇಲ್ಲವಾದರೆ ಅಲ್ಲಿನ ಯಂತ್ರ ತನಗೆ ತೋಚಿದ ಫಾಂಟು ಹಾಕುತ್ತದೆ.

ಮೊದಲ ಫಿಲ್ಮಿನಲ್ಲಿ ಸಾಹಿತ್ಯ 8 ಪಾಯಿಂಟ್. ಸ್ಕ್ರೀನಿನಲ್ಲಿ, ಅಂದರೆ ಬಣ್ಣ ಇಳಿಸುವ ಜಾಲರಿ ಚೌಕಟ್ಟಿನಲ್ಲಿ, 'ಷ', 'ಣ', 'ಠ'ಗಳ ಹೊಟ್ಟೆ ತುಂಬಿಕೊಂಡಿತು. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿತು. 10.5 ಪಾಯಿಂಟಿಗೆ ಏರಿಸಿ, ಸಾಲಿನ ಅಂತರ 16 ಪಾಯಿಂಟ್ ಕೊಟ್ಟು, ಫಿಲ್ಮು ಇನ್ನೊಮ್ಮೆ ತೆಗೆಸಿದ್ದು. ಇಂಗ್ಲಿಷ್ ಪುಸ್ತಿಕೆಯ ಅಳತೆ ನೋಡಿಕೊಂಡು ಕನ್ನಡಕ್ಕೆ ಜಾಗ ಬಿಟ್ಟರೆ ಹೀಗೇ ಆಗುವುದು. ಆ ಜಾಗಕ್ಕೆ ಆರೂ ಹಾಡಿನ ಪೂರ್ತಿ ಸಾಹಿತ್ಯ ಹಿಡಿಯಲಿಲ್ಲ, ಪಲ್ಲವಿ ಮತ್ತು ಒಂದೊಂದು ಚರಣ ಮಾತ್ರ ಉಳಿದವು.

ಹಂತ 5: ಸ್ಕ್ರೀನು ಮತ್ತು ಕೆಂಪು

ಮುದ್ರಣ ಬೆಳಗಾವಿಯಲ್ಲಿ, ಲಗ್ನಪತ್ರಿಕೆ ಹೊಡೆಯುವ ಒಂದು ಸಣ್ಣ ಕೋಣೆಯಲ್ಲಿ. ಮೂರು ಸ್ಕ್ರೀನು. ಕೆಂಪಿಗೆ 77ಟಿ (ಸೆಂ.ಮೀ.ಗೆ 77 ಎಳೆಯ) ಜಾಲರಿ, ನೀಲಿಗೂ ಒಳಗಿನ ಅಕ್ಷರಕ್ಕೂ 90ಟಿ. ಜುಲೈ ತಿಂಗಳು. ಬಿಸಿಲಿಗೆ ಹಿಡಿದು ಸ್ಕ್ರೀನು ಸುಡುವ (ಬೆಳಕಿನಿಂದ ಅದರ ಮೇಲೆ ಚಿತ್ರ ಮೂಡಿಸುವ) ರೂಢಿ ಬೆಳಗಾವಿ ಮಳೆಗಾಲದಲ್ಲಿ ನಡೆಯುವುದಿಲ್ಲ, ಮೋಡ ಬಂದು ಹೋದಂತೆ ಒಂದು ಸಲ ಕಮ್ಮಿ, ಒಂದು ಸಲ ಹೆಚ್ಚು. ಆರು ಟ್ಯೂಬ್‌ಲೈಟಿನ ಪೆಟ್ಟಿಗೆಯಲ್ಲಿ, ಗಾಜಿನಿಂದ 12 ಸೆಂ.ಮೀ. ಅಂತರದಲ್ಲಿ, 4, 6, 8, 10 ನಿಮಿಷಗಳ ಪಟ್ಟಿ ಪರೀಕ್ಷೆ ಮಾಡಿ 7 ನಿಮಿಷಕ್ಕೆ ನಿಲ್ಲಿಸಿದ್ದು. ನಾಲ್ಕಕ್ಕೆ ತೊಳೆಯುವಾಗ ಕೋಟಿಂಗ್ ಜಾರಿಹೋಯಿತು, ಹತ್ತಕ್ಕೆ ಅಂಕಿಗಳು ತೆರೆಯಲೇ ಇಲ್ಲ.

ಕೆಂಪು ಅಂಗಡಿಯ ಡಬ್ಬಿಯಿಂದ ನೇರ ಹೊಡೆದಾಗ ಚುನಾವಣೆಯ ಪೋಸ್ಟರಿನಂತೆ ಕಂಡಿತು. ಎಂಟು ಪಾಲು ಕೆಂಪಿಗೆ ಒಂದು ಪಾಲು ಮರೂನ್ ಸೇರಿಸಿದ ಮೇಲೆ ಸೆರಗಿನ ಹತ್ತಿರ ಬಂತು. ಹೋಲಿಸುವಾಗ ಬಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಇಡಿ, ಟ್ಯೂಬಿನ ಕೆಳಗೆ ಎರಡೂ ಬೇರೆಯಾಗಿ ಕಾಣುತ್ತವೆ. ಈ ಹಂತದಲ್ಲಿ ಹೋದದ್ದು 21: ಬಣ್ಣದ ಪರೀಕ್ಷೆಗೆ 9, ಸ್ಕ್ರೀನಿನ ಕೋಟಿಂಗಿನಲ್ಲಿ ಬಿದ್ದ ಸೂಜಿತೂತಿನಿಂದ 12. ಪಟ್ಟಿ ಚೂರುಗಳಲ್ಲಿ ಮೊದಲೇ ಪರೀಕ್ಷಿಸಿದ್ದರೆ ಆ 9 ಉಳಿಯುತ್ತಿದ್ದವು.

ಹಂತ 6: ನೀಲಿ

ಇಡೀ ಕೆಲಸದಲ್ಲಿ ಕವರಿನ ಅರ್ಥ ಬದಲಾಗುತ್ತಿದ್ದ ಜಾಗ ಇದೊಂದೇ.

ಮೊದಲು ಡಬ್ಬಿಯ ನೀಲಿಯನ್ನು ಹಾಗೆಯೇ, ಗಟ್ಟಿಯಾಗಿ, ತಳದಿಂದ 100 ಮಿ.ಮೀ. ತನಕ ಹೊಡೆದದ್ದು. ಸೆರಗಿನ ಕೆಳಗಿನ ಅರ್ಧ ಮಾಯ. ನೋಡಲು ಅಚ್ಚುಕಟ್ಟು, ಆದರೆ ಸೀರೆಯನ್ನು ಕತ್ತರಿಸಿ ನೀಲಿ ಕಾಗದ ಅಂಟಿಸಿದಂತೆ. ಮುಳುಗಿದ್ದಕ್ಕೂ ಅಳಿಸಿಹೋದದ್ದಕ್ಕೂ ಇರುವ ಅಂತರ ಅಲ್ಲಿ ಕಾಣೆಯಾಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಗೋಡೆಗಳು ಮತ್ತೆ ಕಾಣುತ್ತವೆ, ಮೂರನೇ ಹಾಡು ನಿಂತಿರುವುದೇ ಅದರ ಮೇಲೆ. 11 ತುಂಡು ಹೋದ ಮೇಲೆ ನಿಲ್ಲಿಸಿದ್ದು.

ಎರಡನೇ ಸಲ, ತೂಕದಲ್ಲಿ 65 ಪಾಲು ಟ್ರಾನ್ಸ್‌ಪರೆಂಟ್ ಮೀಡಿಯಂ (ಬಣ್ಣದ ಅಡಿಯದು ಕಾಣುವಂತೆ ಮಾಡುವ ಬೆರಕೆ), 35 ಪಾಲು ನೀಲಿ. ಈಗ ಬಿಳಿ ಪಟ್ಟಿಯ ಮೇಲೆ ತಿಳಿನೀಲಿ, ಕೆಂಪಿನ ಮೇಲೆ ಕಪ್ಪುಗೆಂಪು. ಕೆಂಪು ಸೀರೆ ಒದ್ದೆಯಾದಾಗ ಆಗುವ ಬಣ್ಣವೇ ಅದು. ಅದಕ್ಕೆಂದು ಬೇರೆ ಸ್ಕ್ರೀನು, ಬೇರೆ ಡಬ್ಬಿ ಏನೂ ಇಲ್ಲದೆ ಮೂರನೆಯ ಬಣ್ಣ ಸಿಕ್ಕಿತು. 50:50ರಲ್ಲಿ ಕೆಂಪು ಪೂರ್ತಿ ಕಪ್ಪಾಯಿತು, 80:20ರಲ್ಲಿ ನೀರು ಕಾಣಲೇ ಇಲ್ಲ. ಮೀಡಿಯಂ ಹೆಚ್ಚಾದರೆ ಬಣ್ಣ ತೆಳುವಾಗಿ ಸ್ಕ್ರೀನಿನ ಅಡಿಗೆ ಸೋರುತ್ತದೆ. ಕಾರ್ಡಿಗೂ ಸ್ಕ್ರೀನಿಗೂ ನಡುವೆ 3 ಮಿ.ಮೀ. ಅಂತರವಿಟ್ಟು ಸ್ಕ್ವೀಜಿಯನ್ನು (ಬಣ್ಣ ಎಳೆಯುವ ರಬ್ಬರ್ ಪಟ್ಟಿ) ಒಂದೇ ಸಲ ಎಳೆಯಿರಿ. ಎರಡನೇ ಎಳೆತಕ್ಕೆ ನೀರಿನ ಅಂಚು ಒರಟಾಗುತ್ತದೆ.

ನೀಲಿಯನ್ನು ಮುಂಭಾಗದಲ್ಲಿ ನಿಲ್ಲಿಸದೆ ಬೆನ್ನು ದಾಟಿ ಹಿಂಭಾಗಕ್ಕೂ, ಕೆಳಗೆ ಜೇಬಿಗೂ ಓಡಿಸಿದ್ದು. ಜೇಬನ್ನು ಒಳಕ್ಕೆ ಮಡಚಿದಾಗ ಹೊರಗಿನ ನೀಲಿಯೇ ಒಳಗೆ ಬರುತ್ತದೆ, ಪೆನ್‌ಡ್ರೈವನ್ನು ನೀರಿನಿಂದ ಎತ್ತಿ ತೆಗೆದಂತಾಗುತ್ತದೆ. ಒಳಭಾಗಕ್ಕೆ ಬೇರೆ ನೀಲಿ ಹೊಡೆಯುವ ಖರ್ಚು ಇಲ್ಲ. ಹೊರಗಿನ ಗೆರೆ ಮಡಿಕೆ ದಾಟಿ ಒಳಗೆ ಬೇರೆ ಅರ್ಥ ಪಡೆಯುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1973ರಲ್ಲಿ ತಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ತಟ್ಟೆಯ ಕವರ್ ಬಿಚ್ಚಿದರೆ ಹೊರಗಿನ ಬಣ್ಣದ ಪಟ್ಟಿ ಒಳಗೆ ಎದೆಬಡಿತದ ಗೆರೆಯಾಗಿ ಓಡುತ್ತದೆ. ಆ ಆಲ್ಬಮ್ ಶುರುವಾಗುವುದೂ ಮುಗಿಯುವುದೂ ಎದೆಬಡಿತದ ಸದ್ದಿನಿಂದಲೇ.

ಇನ್ನು ಒಣಗಿಸುವ ಪಾಡು. ಪರೀಕ್ಷೆಯ ಚೂರುಗಳು ಬಾಗಲಕೋಟೆಯಲ್ಲಿ ಒಂದು ತಾಸಿನಲ್ಲಿ ಒಣಗಿದ್ದವು. ಅದೇ ನಂಬಿಕೆಯಲ್ಲಿ ಬೆಳಗಾವಿಯಲ್ಲಿ ಮೂರು ತಾಸು ಬಿಟ್ಟು ಒಂದರ ಮೇಲೊಂದು ಪೇರಿಸಿದ್ದು. ಬೆರಳಿಗೆ ಅಂಟದಿದ್ದರೂ ತೂಕ ಬಿದ್ದ ಮೇಲೆ ಅಂಟಿತು, 23 ಕವರ್ ಹೋದವು. ಮಳೆಗಾಲದ ಬೆಳಗಾವಿಯಲ್ಲಿ ಒಂದು ರಾತ್ರಿ ಪೂರ್ತಿ ಬಿಡಿಬಿಡಿಯಾಗಿ ಇಡಿ.

ತೇವಕ್ಕೆ ಕಾರ್ಡು ಅಗಲಕ್ಕೆ ಹಿಗ್ಗುತ್ತದೆ, ನಾರಿಗೆ ಅಡ್ಡ ದಿಕ್ಕಿನಲ್ಲಿ. ಕೆಂಪು ಮಂಗಳವಾರ, ನೀಲಿ ಶುಕ್ರವಾರ, ನಡುವೆ ಎರಡು ದಿನ ಮಳೆ: 364ರ ಅಗಲಕ್ಕೆ 0.8 ಮಿ.ಮೀ. ಜರುಗು. ನೀರಿನ ಅಂಚು ಅಡ್ಡಗೆರೆಯಾದ್ದರಿಂದ ಅಲ್ಲಿ ಅದು ಕಾಣಲಿಲ್ಲ, ಪುಣ್ಯ. ದಡಿಯ ಹಲ್ಲಿಗೆ ತಾಗಿಸಿ ನೀಲಿಯಲ್ಲಿ ಹಾಕಿದ್ದ ಅಂಕಿಗಳಲ್ಲಿ ಕಂಡಿತು. ಅಂಕಿಗಳನ್ನು 2 ಮಿ.ಮೀ. ದೂರ ಸರಿಸಿ ಆ ಸ್ಕ್ರೀನನ್ನು ಮತ್ತೆ ಸುಟ್ಟದ್ದು.

ಹಂತ 7: ಬಣ್ಣವಿಲ್ಲದ ಗೆರೆ

524ರ ಗೆರೆಗೆ ಟ್ರೆಡಲ್ ಅಚ್ಚುಯಂತ್ರದಲ್ಲಿ ಕ್ರೀಸಿಂಗ್ (ಮಡಿಕೆಗೆರೆ ಒತ್ತುವ) ಪಟ್ಟಿ ಕಟ್ಟಿ ಒತ್ತಿದರೆ ಸಾಕು ಎಂದುಕೊಂಡದ್ದು. ಯಂತ್ರದವರು ಮೊದಲೇ ಹೇಳಿದ್ದರು: "ಅದು ಮಡಚಾಕಂತನ ಇರೂ ಪಟ್ಟಿ ಐತ್ರಿ, ಅಲ್ಲೇ ಮಡಚತೈತಿ ನೋಡ್ರಿ." ಹಾಗೇ ಆಯಿತು. ಕವರ್ ಕೈಗೆ ತೆಗೆದುಕೊಂಡವರೆಲ್ಲ ಮೇಲಿನ 33 ಮಿ.ಮೀ.ಯನ್ನು ಮುಚ್ಚಳದಂತೆ ಹಿಂದಕ್ಕೆ ಬಾಗಿಸಿದರು. 17 ಹೋದವು.

ಪರಿಹಾರ: ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ 1.5 ಮಿ.ಮೀ. ಅಗಲದ ಹಿತ್ತಾಳೆ ಪಟ್ಟಿ, ಮೇಲಂಚು ದುಂಡಗೆ ಮಾಡಿಸಿದ್ದು, ಉದ್ದ 174 ಮಿ.ಮೀ. ಕವರಿನ ಅಂಚಿಗೆ ತಾಗದಂತೆ ಎರಡೂ ಕಡೆ 3 ಮಿ.ಮೀ. ಬಿಟ್ಟದ್ದು ಮುಖ್ಯ. ಗೆರೆ ಅಂಚು ಮುಟ್ಟಿದರೆ ಬಾಗುವುದು ಅಲ್ಲಿಂದಲೇ. ಕಾರ್ಡಿನ ಹಿಂದೆ ಗಟ್ಟಿ ತಟ್ಟೆಯ ಬದಲು ಎರಡು ಪದರ ಒತ್ತುಕಾಗದ. ಆಳ ಸುಮಾರು 0.2 ಮಿ.ಮೀ. 146.56ರ ಜಾಗದಲ್ಲಿ ಬಂದದ್ದು 146ರಿಂದ 147ರ ನಡುವೆ. ಕೈಯಿಂದ ಹಾಳೆ ಕೊಡುವ ಯಂತ್ರದಲ್ಲಿ ಅದಕ್ಕಿಂತ ನಿಖರತೆ ಕೇಳಬಾರದು.

ಹಂತ 8: ಮಡಿಕೆ, ಅಂಟು

ಕ್ರೀಸ್ ಹೊಡೆದಾಗ ಒಂದು ಬದಿ ತಗ್ಗು, ಇನ್ನೊಂದು ಬದಿ ಉಬ್ಬು. ಉಬ್ಬು ಮಡಿಕೆಯ ಒಳಕ್ಕೆ ಬರಬೇಕು. ಅಂದರೆ ಪಟ್ಟಿ ಮುದ್ರಿಸಿದ ಮುಖದ ಕಡೆಯಿಂದ ಬೀಳಬೇಕು. ಮೊದಲ ಕಟ್ಟಿನಲ್ಲಿ ಇದು ಉಲ್ಟಾ ಆಗಿ, ಜೇಬಿನ ಮಡಿಕೆಯಲ್ಲಿ ನೀಲಿ ಸೀಳಿ ಕಾರ್ಡಿನ ನಾರು ಹೊರಬಂತು. ಸರಿಯಾಗಿ ಹೊಡೆದ ಮೇಲೂ ನಾರಿಗೆ ಅಡ್ಡವಾದ್ದರಿಂದ ಕೂದಲೆಳೆಯ ಬಿರುಕು ಉಳಿದೇ ಇದೆ. ಅಚ್ಚಬಿಳಿ ಕಾರ್ಡಾಗಿದ್ದರೆ ಎದ್ದು ಕಾಣುತ್ತಿತ್ತು, ಹಳದಿ ಛಾಯೆ ಅಷ್ಟು ಮುಚ್ಚಿತು. ಅಂಟು ಫೆವಿಕಾಲ್, ನೀರು ಬೆರೆಸದೆ. ಕಿವಿಯ ಮೇಲೆ ನೀಲಿ ಬಿದ್ದಿದ್ದರೆ ಅಂಟು ಹಿಡಿಯುವುದಿಲ್ಲ, ಮರಳುಕಾಗದದಿಂದ ಕೆರೆದು ಹಚ್ಚಿ. ಮಡಿಕೆ ಮತ್ತು ಅಂಟಿನಲ್ಲಿ ಹೋದದ್ದು 11.

ಹಂತ 9: ಪೆನ್‌ಡ್ರೈವಿನೊಳಗಿನ ಚಿತ್ರ

ಆರು ಎಂಪಿ3 ಫೈಲಿಗೂ ಬೇರೆ ಬೇರೆ ಚಿತ್ರ. ಮೊದಲ ಹಾಡಿಗೆ ನೀರು 20 ಮಿ.ಮೀ., ಆಮೇಲೆ 40, 60, 80, ಐದನೆಯದಕ್ಕೆ 100. ಆರನೆಯದಕ್ಕೂ ನೂರೇ, ಆದರೆ ಮೇಲೆ ತೆಳುಗೆರೆ. ಸ್ಟ್ರೀಮಿಂಗಿನಲ್ಲಿ ಆಲ್ಬಮ್ಮಿಗೆ ಒಂದೇ ಚಿತ್ರ, ಹಾಗಾಗಿ ಏರುವ ನೀರು ಪೆನ್‌ಡ್ರೈವ್ ಕೊಂಡವರಿಗೆ ಮಾತ್ರ.

ಟ್ರ್ಯಾಕ್ಟರಿನ ಅಗ್ಗದ ಡೆಕ್ಕಿನಲ್ಲಿ ಮೂರು ತೊಂದರೆ ಬಂದವು. 3000 ಪಿಕ್ಸೆಲ್ ಚಿತ್ರ ತುರುಕಿದ ಫೈಲು ಶುರುವಾಗಲು ತಿಣುಕಾಡಿತು. 500 × 500ಕ್ಕೆ ಇಳಿಸಿ, ಪ್ರೊಗ್ರೆಸಿವ್ ಅಲ್ಲದ ಸಾದಾ ಜೆಪೆಗ್ ಮಾಡಿ, 150 ಕೆಬಿ ಒಳಗೆ ಇಟ್ಟ ಮೇಲೆ ಸರಿಹೋಯಿತು. ಎಕ್ಸ್‌ಫ್ಯಾಟ್ ಪೆನ್‌ಡ್ರೈವನ್ನು ಡೆಕ್ಕು ಓದಲೇ ಇಲ್ಲ, ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಇಂಥ ಡೆಕ್ಕುಗಳು ಹೆಸರಿನ ಕ್ರಮ ನೋಡುವುದಿಲ್ಲ, ಫೈಲು ಬರೆದ ಕ್ರಮದಲ್ಲಿ ನುಡಿಸುತ್ತವೆ. ಒಟ್ಟಿಗೆ ಕಾಪಿ ಮಾಡಿದ್ದರಿಂದ ನಾಲ್ಕನೇ ಹಾಡು ಮೊದಲು ಬಂತು, ಕತೆ ತಲೆಕೆಳಗಾಯಿತು. 1ರಿಂದ 6ರ ತನಕ ಒಂದೊಂದಾಗಿ ಕಾಪಿ ಮಾಡಿದ್ದು. ಹಳೆಯ ಕೆಲವು ಫೋನುಗಳು ಆಲ್ಬಮ್ ಹೆಸರು ಒಂದೇ ಎಂದು ಆರಕ್ಕೂ ಮೊದಲ ಚಿತ್ರವನ್ನೇ ತೋರಿಸುತ್ತವೆ. ಅದಕ್ಕೆ ಮದ್ದು ಸಿಗಲಿಲ್ಲ. ಆಲ್ಬಮ್ ಹೆಸರು ಬೇರೆಬೇರೆ ಮಾಡಿದರೆ ಹಾಡುಗಳು ಚದುರುತ್ತವೆ.

ಹಂತ 10: 3000 ಪಿಕ್ಸೆಲ್

180 ಮಿ.ಮೀ.ಗೆ 3000 ಪಿಕ್ಸೆಲ್ ಆದರೆ ನೀರಿನ ಅಂಚು ತಳದಿಂದ 1667ಕ್ಕೆ, ಮೇಲಿನ ಗೆರೆ 2443ಕ್ಕೆ. ಮುದ್ರಿತ ಕವರನ್ನು ಸ್ಕ್ಯಾನ್ ಮಾಡಿದಾಗ ಒತ್ತಿದ ಗೆರೆ ಬರಲಿಲ್ಲ, ಸ್ಕ್ಯಾನರಿನ ಬೆಳಕು ಅದನ್ನು ಚಪ್ಪಟೆ ಮಾಡುತ್ತದೆ. ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ಫೋಟೊ ತೆಗೆದು ಬಳಸಿದ್ದು. ಪೂರ್ತಿ ಪರದೆಯಲ್ಲಿ ಗೆರೆ ಕಾಣುತ್ತದೆ, ಪಟ್ಟಿಯ ಸಣ್ಣ ಚೌಕದಲ್ಲಿ ಇಲ್ಲ. ಅದು ಹಾಗೆಯೇ ಇರಲಿ.

ಸ್ಟ್ರೀಮಿಂಗಿಗೆ ಹಾಡು ತಲುಪಿಸುವ ವಿತರಕರಿಂದ ಒಮ್ಮೆ ವಾಪಸು ಬಂತು. ಕವರಿನ ಮೇಲೆ ಹೆಸರು ಕನ್ನಡದಲ್ಲಿ, ಅರ್ಜಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ಎರಡೂ ಒಂದೇ ಇರಬೇಕು. ಅರ್ಜಿಯನ್ನು ಕನ್ನಡಕ್ಕೆ ಬದಲಿಸಿ ಕಳಿಸಿದ್ದು. ವೆಬ್ ವಿಳಾಸ, ಕ್ಯೂಆರ್ ಚೌಕ, ಬೆಲೆ ಇದ್ದರೂ ತಿರಸ್ಕಾರವೇ.

ಖರ್ಚು

ಕಾರ್ಡು 90 ಹಾಳೆ ₹2,160. ಫಿಲ್ಮು ನಾಲ್ಕು (ಒಂದು ಮರುತೆಗೆತ) ₹720. ಸ್ಕ್ರೀನು ₹1,350. ಬಣ್ಣ, ಮೀಡಿಯಂ, ಥಿನ್ನರ್ ₹1,900. ಹಿತ್ತಾಳೆ ಪಟ್ಟಿ ₹850. ಟ್ರೆಡಲ್ ಮತ್ತು ಕತ್ತರಿ ₹1,500. ಅಂಟು, ಮರಳುಕಾಗದ ₹240. ಮುದ್ರಣದ ಕೂಲಿ ₹6,000. ಪೆನ್‌ಡ್ರೈವ್ 200, ತಲಾ ₹185ರಂತೆ ₹37,000. ಒಟ್ಟು ₹51,720. ಕೈಗೆ ಬಂದ 187ಕ್ಕೆ ಹಂಚಿದರೆ ತಲಾ ₹277. ಪೆನ್‌ಡ್ರೈವ್ ಬಿಟ್ಟು ಬರಿ ಕವರಿಗೆ ₹79.

ಕವರಿಲ್ಲದೆ ಉಳಿದ 13 ಪೆನ್‌ಡ್ರೈವ್ ಹಾಗೇ ಬಿದ್ದಿವೆ. ನಡುಬಗ್ಗುವ 17 ಕವರುಗಳನ್ನು ಎಸೆದಿಲ್ಲ, 524ಕ್ಕೆ ಸರಿಯಾಗಿ ಕತ್ತರಿಸಿ ಗಿಡ್ಡ ಕವರ್ ಮಾಡಬಹುದೇ ಎಂದು ನೋಡಬೇಕಿದೆ. ಕತ್ತರಿ ಯಂತ್ರದವರು ಒಂದು ಕಟ್ಟಿಗೆ ₹60 ಹೇಳಿದ್ದಾರೆ.